ಮಾವನ ಚಟ್ನಿಗೆ ಇಂಟರ್ನೆಟ್ಟಿನ ಅಪ್ಪಣೆ

ಮೊನ್ನೆ ನನ್ನ ಹೆಂಡತಿ ಗೇಣುದ್ದದ ಗಾಜಿನ ಸೀಸೆಯೊಂದನ್ನು ತಂದಳು. ಹೊರದೇಶದ ಕೊಬ್ಬರಿ ಎಣ್ಣೆಯಂತೆ; ಹೃದಯಕ್ಕೆ ಬಹಳ ಒಳ್ಳೆಯದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮುಚ್ಚಳ ತೆಗೆದೆ ನೋಡಿ, ನೊಣವಿನಕೆರೆಯ ನಮ್ಮ ಸೋದರಮಾವನ ಮನೆಯ ಕೊಬ್ಬರಿ ಅಟ್ಟವೇ ಘಮ್ಮೆಂದಿತು. ನಗು ಬಂತು. ಸ್ವಲ್ಪ ಸಿಟ್ಟೂ ಬಂತು.

ಮಾವನಿಗೆ ಕಾಯಿ ಚಟ್ನಿಯೆಂದರೆ ಪ್ರಾಣ. ರಾಗಿ ರೊಟ್ಟಿ ಎಂಬುದು ಚಟ್ನಿಯನ್ನು ಬಾಯಿಗೆ ಸಾಗಿಸುವ ಗಾಡಿ, ಅಷ್ಟೆ. ತಿಪಟೂರಿನಲ್ಲಿ ಸೈಬರ್ ಕೆಫೆಗಳು ಬಾಗಿಲು ತೆರೆದ ಕಾಲದಲ್ಲಿ ಅವರಿಗೆ ಎದೆನೋವು ಬಂತು. ಡಾಕ್ಟರು ಜಿಡ್ಡು ಕಡಿಮೆ ಮಾಡಿ ಎಂದಷ್ಟೇ ಹೇಳಿದ್ದರು. ಹೆದರಿದ್ದ ಅತ್ತೆಗೆ ಅದು ಸಾಲಲಿಲ್ಲ.

"ಕಂಪ್ಯೂಟ್ರಲ್ಲಿ ಎಲ್ಲಾ ಐತಂತಲ್ಲ, ಕಾಯಿ ತಿನ್ಬೋದಾ ಕೇಳ್ಕಂಡ್ ಬಾ ಹೋಗಪ್ಪ."

ನಾವು ಬೆಳೆದದ್ದನ್ನು ನಾವು ತಿನ್ನಬಹುದೋ ಇಲ್ಲವೋ ಎಂದು ಸಮುದ್ರದಾಚೆಯವರನ್ನು ಕೇಳುವ ಕಾಲ ಬಂದಿತ್ತು. ಆಗಷ್ಟೇ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದ ನಾನು, ಜಗತ್ತೇ ನನ್ನ ಜೇಬಿನಲ್ಲಿದೆ ಎಂಬ ಗತ್ತಿನಿಂದ ಮಾವನನ್ನೂ ಕರೆದುಕೊಂಡು ಹೊರಟೆ. ಕೆಫೆಯ ಹೊರಗೆ ಕೊಬ್ಬರಿ ಮೂಟೆ ಹೇರಿದ ಲಾರಿಗಳು ನಿಂತಿದ್ದವು. ಒಳಗೆ, ತೆಂಗು ಹೃದಯಕ್ಕೆ ಶತ್ರು ಎಂದು ಹೊರದೇಶದ ಯಾರೋ ಬರೆದಿದ್ದರು. ಓದಿ ಹೇಳಿದೆ.

"ಇದನ್ನ ಬರ್ದೋನ ಊರಲ್ಲಿ ತೆಂಗೈತೇನ್ಲಾ?"

"ಇಲ್ಲ ಅನ್ಸುತ್ತೆ ಮಾವ."

"ಮತ್ತೆ ಅವನ್ಗೇನ್ ಗೊತ್ತು ಮಣ್ಣು! ಬೆಳ್ಯೋರ್ನ ಕೇಳು."

ಹುಡುಕಿದೆ. ತೆಂಗು ಬೆಳೆಯುವ ಯಾವುದೋ ದ್ವೀಪದವರು ಅದನ್ನು ಅಮೃತ ಎಂದಿದ್ದರು. ಮಾವ ಅದನ್ನು ಪ್ರಿಂಟ್ ಹಾಕಿಸಿ, ಕೋರ್ಟಿನಲ್ಲಿ ಗೆದ್ದವರಂತೆ ತಂದು ಅತ್ತೆಯ ಮುಂದೆ ಹಿಡಿದರು. ಅತ್ತೆ ನನ್ನಿಂದ ಪೂರ್ತಿ ಓದಿಸಿ ಕೇಳಿದರು.

"ಬೆಳ್ಯೋರು ಒಳ್ಳೇದು ಅನ್ದೆ ಇನ್ನೇನಂದಾರು?" ಎಂದು ಒಳಗೆ ಹೋದರು.

ಅಟ್ಟದ ತುಂಬ ಕೊಬ್ಬರಿ, ತಟ್ಟೆಯಲ್ಲಿ ಸಪ್ಪೆ ಸಾರು. ದಿನಾ ಗೊಣಗುತ್ತಿದ್ದ ಮಾವ ಒಮ್ಮೆ ಅತ್ತೆಯ ತಟ್ಟೆ ನೋಡಿದರು. ಅದರಲ್ಲೂ ಕಾಯಿಯಿಲ್ಲ.

"ನಿನ್ಗೇನ್ ಬಂದೈತೆ? ನೀನ್ ತಿನ್ನೇ."

"ನಿಮ್ಮ ಮುಂದೆ ಕೂತು ನಾನೊಬ್ಳೇ ತಿಂದ್ರೆ ಗಂಟ್ಲಲ್ಲಿ ಇಳ್ದೀತಾ?"

ಆಮೇಲೆ ಮಾವ ಚಟ್ನಿಯ ಮಾತೆತ್ತಲಿಲ್ಲ. ಈಗ ಅವರಿಗೆ ಎಂಬತ್ತರ ಹತ್ತಿರ.

ಸೀಸೆ ಹಿಡಿದುಕೊಂಡೇ ಊರಿಗೆ ಫೋನ್ ಮಾಡಿದೆ.

"ಅತ್ತೆ, ಅದೇ ಹೊರದೇಶದೋರು ಈಗ ತೆಂಗು ಒಳ್ಳೇದು ಅಂತಿದಾರೆ."

"ಅವ್ರು ದಿನಕ್ಕೊಂದ್ ಹೇಳ್ಲಿ ಬುಡಪ್ಪ. ಇಷ್ಟು ವರ್ಸ ನಿಮ್ಮಾವನ್ನ ಉಳುಸ್ಕಂಡೆ, ನಂಗದು ಸಾಕು."

ಹಿಂದಿನಿಂದ ಮಾವನ ದನಿ: "ಏನಂತೇ? ಒಳ್ಳೇದಂತಾ?"

ಅತ್ತೆ ಫೋನನ್ನು ಹಾಗೇ ಕೆಳಗಿಟ್ಟು ಎದ್ದುಹೋದರು. ನಾನೂ ಕಟ್ ಮಾಡದೆ ಕಾದೆ. ಸ್ವಲ್ಪ ಹೊತ್ತಿಗೆ ಕಾಯಿ ಒಡೆದ ಸದ್ದು ಇಲ್ಲಿಗೂ ಕೇಳಿಸಿತು.