ಹೆಸರಿನ ಪುಟಕ್ಕೆ ಬಂದ ಫೋಟೋ

ಇಬಿರೊಂಕೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಬೆಯೊಕುಟಾ ಊರಿನ ಬಟ್ಟೆ ಮಾರುಕಟ್ಟೆಯಲ್ಲಿ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಆ ಸಿಟ್ಟಿಲ್ಲದಿದ್ದರೆ ಅವಳ ಪುಸ್ತಕವೇ ಹುಟ್ಟುತ್ತಿರಲಿಲ್ಲ.

ಅವಳು ನೀಲಿ ಬಣ್ಣದಲ್ಲಿ ಬಟ್ಟೆ ಅದ್ದುವವಳು. ಅವಳ ತಾಯಿಯೂ ಅದೇ ಕೆಲಸ ಮಾಡಿಕೊಂಡು ಬದುಕಿ ಸತ್ತವಳು. ಒಂದು ದಿನ ಯಾರೋ ದೊಡ್ಡ ಪುಸ್ತಕವೊಂದನ್ನು ತಂದು ತೋರಿಸಿದರು. ನುಣುಪು ಕಾಗದದ ಮೇಲೆ ತಾಯಿಯ ಫೋಟೋ ಇತ್ತು, ಕೆಳಗೆ ‘ಬಣ್ಣ ಹಾಕುವ ಹೆಂಗಸು’ ಎಂದಿತ್ತು. ಅಷ್ಟೇ. ಬರೆದ ಪುಣ್ಯಾತ್ಮನಿಗೆ ಹೆಸರು ಕೇಳುವಷ್ಟೂ ಪುರುಸೊತ್ತಿರಲಿಲ್ಲ. ಇಬಿರೊಂಕೆಯ ಮೈಯೆಲ್ಲ ಉರಿದುಹೋಯಿತು. ತಾಯಿಯ ಕತೆಯನ್ನೂ ಬಣ್ಣದ ಹರವಿಗಳ ಸುತ್ತ ಬಾಳಿದ ಹೆಂಗಸರ ಕತೆಗಳನ್ನೂ ತಾನೇ ತನ್ನ ಯೊರುಬಾ ಭಾಷೆಯಲ್ಲಿ ಬರೆಯಲು ಕೂತಳು.

ಬರೆದದ್ದನ್ನು ಪ್ರಕಾಶಕರೊಬ್ಬರಿಗೆ ಒಯ್ದಾಗ ಅವರು ಮೊದಲ ಹಾಳೆಯನ್ನೂ ತಿರುವಲಿಲ್ಲ. “ಯೊರುಬಾದಲ್ಲಿ ಬರೆದ್ರೆ ಯಾರಮ್ಮ ಓದ್ತಾರೆ?” ಎಂದರು. ಆಡುವುದು ಯೊರುಬಾ, ಬೈಯುವುದು ಯೊರುಬಾ, ಓದುವುದಕ್ಕೆ ಮಾತ್ರ ಯೊರುಬಾ ಬೇಡ!

ಆಗ ಅವಳು ಮಾರುಕಟ್ಟೆಯ ಹೆಂಗಸರ ಮುಂದೆಯೇ ಸೆರಗೊಡ್ಡಿದಳು. ಪುಸ್ತಕಕ್ಕೆ ಮುಂಗಡ ಕೊಟ್ಟವರ ಹೆಸರನ್ನೆಲ್ಲ ಮೊದಲ ಪುಟದಲ್ಲಿ ಅಚ್ಚು ಹಾಕಿಸುತ್ತೇನೆ ಎಂದಳು. ಅದೂ ಅಪ್ಪ ಅಮ್ಮ ಇಟ್ಟ ಹೆಸರು. ಇದೇನು ಮಹಾ ಎನ್ನಬೇಡಿ. ಈ ಊರಿನಲ್ಲಿ ಮೊದಲ ಮಗು ಹುಟ್ಟಿದ ಮೇಲೆ ಹೆಂಗಸಿನ ಸ್ವಂತ ಹೆಸರು ಮೂಲೆ ಸೇರುತ್ತದೆ. ಇಬಿರೊಂಕೆಯನ್ನು ಕರೆಯುವುದು ಈಯಾ ಕಯೋದೆ, ಅಂದರೆ ಕಯೋದೆಯ ತಾಯಿ. ಅಲಸಂದೆ ವಡೆ, ಇಲ್ಲಿಯವರ ಅಕಾರಾ, ಕರಿಯುವ ಮುದುಕಿ ಈಯಾ ತುಂಜಿ. ಆ ತುಂಜಿ ಊರು ಬಿಟ್ಟು ಎಷ್ಟೋ ಕಾಲವಾಯಿತು, ಅವನ ಹೆಸರು ಮಾತ್ರ ತಾಯಿಯ ತಲೆಯ ಮೇಲೆ ಕೂತಿದೆ.

ಮೊದಲು ದುಡ್ಡು ಕೊಟ್ಟವಳು ಆ ಮುದುಕಿಯೇ.

“ನನ್ ಹೆಸ್ರು ಅಜೋಕೆ ಕಣೇ,” ಎಂದಳು. “ಹಾಗಂತ ಕರೆಯೋರೆಲ್ಲ ಮಣ್ಣು ಸೇರಿದ್ರು. ನಂಗೆ ಓದೋಕೆ ಬರಲ್ಲ. ಅಚ್ಚಾದ್ಮೇಲೆ ಎಲ್ಲಿದೆ ಅಂತ ತೋರ್ಸು, ಬೆರಳಿಟ್ಟು ನೋಡ್ತೀನಿ.”

“ತೋರಿಸ್ತೀನಿ ಈಯಾ. ನನ್ನಾಣೆ.”

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಪುಸ್ತಕ ಪ್ರಚಾರ ಮಾಡಿಸಿಕೊಡುತ್ತೇನೆಂದು ದೋತುನ್ ಎಂಬವನು ವಕ್ಕರಿಸಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು.

“ಈಯಾ, ಪುಸ್ತಕನ ಯಾರೂ ಓದಲ್ಲ, ಯಾರು ಬಿಡುಗಡೆ ಮಾಡಿದ್ರು ಅಂತ ನೋಡ್ತಾರೆ,” ಎಂದು ಅವಳಿಗೆ ಬುದ್ಧಿ ಹೇಳಿದ. “ನಮ್ಮೂರಿನ ದೊಡ್ಡ ಕುಳ ಚೀಫ್ ಒಡೆಯೆಮಿ ಅವರನ್ನ ಕರೆಸೋಣ. ವೇದಿಕೆ ಮೇಲೆ ನಿಂತು ಇಷ್ಟು ಪ್ರತಿ ಕೊಳ್ತೀನಿ ಅಂದ್ರೆ ಸಾಕು, ಮಿಕ್ಕೋರೂ ನಾ ಮುಂದು ತಾ ಮುಂದು ಅಂತಾರೆ. ಅಚ್ಚು ಹಾಕಿಸೋ ತಲೆನೋವು ನಂಗೆ ಬಿಡಿ.”

ಊರಿನಲ್ಲಿ ಎಲ್ಲ ಪುಸ್ತಕಗಳೂ ಹಾಗೆಯೇ ಬಿಡುಗಡೆಯಾಗುತ್ತಿದ್ದವು. ಇಬಿರೊಂಕೆ ಒಪ್ಪಿದಳು.

ಬಿಡುಗಡೆಯ ದಿನ ಚೀಫರಿಗೆ ಶಾಮಿಯಾನ, ಫ್ಯಾನು, ಮೇಜಿನ ಮೇಲೆ ಕೋಳಿ. ಮುಂಗಡ ಕೊಟ್ಟ ಹೆಂಗಸರಿಗೆ ಹಿಂದಿನ ಸಾಲು, ಸುಡುಬಿಸಿಲು. ಎಲ್ಲರೂ ಒಂದೇ ನೀಲಿ ಬಟ್ಟೆ ಹೊಲಿಸಿಕೊಂಡು ಬಂದಿದ್ದರು. ಚೀಫರು ಎದ್ದು ನಿಂತು, “ಐನೂರು ಪ್ರತಿ ನಂದು!” ಎಂದರು. ಡೋಲಿನವನು ಅವರ ಮುತ್ತಜ್ಜನಿಂದ ಹಿಡಿದು ಹೊಗಳತೊಡಗಿದ. ಊರಿನ ರೂಢಿಯಂತೆ ಅವನ ಹಣೆಗೆ ಚೀಫರು ನೋಟಿನ ಮೇಲೆ ನೋಟು ಅಂಟಿಸಿದರು. ಡೋಲಿಗೆ ನಗದು, ಪುಸ್ತಕಕ್ಕೆ ಬರೀ ಬಾಯಿಮಾತು.

ಅಷ್ಟರಲ್ಲಿ ಮುದುಕಿ ಪುಸ್ತಕ ಹಿಡಿದು ಇಬಿರೊಂಕೆಯ ಹತ್ತಿರ ಬಂದಳು. ಮೊದಲ ಪುಟ ಬಿಡಿಸಿ, ಎಣ್ಣೆ ಹತ್ತಿದ ಬೆರಳನ್ನು ಊರಿ ಕೇಳಿದಳು.

“ಇದೇನಾ ನನ್ ಹೆಸ್ರು?”

ಬೆರಳಿದ್ದದ್ದು ಚೀಫರ ಹೊಟ್ಟೆಯ ಮೇಲೆ. ಪುಟದ ತುಂಬ ಅವರ ಫೋಟೋ, ಆಚೆ ಬದಿಯಲ್ಲಿ ಅವರ ಶುಭಾಶಯ. ಇಬಿರೊಂಕೆ ಪುಸ್ತಕವನ್ನು ಹಿಂದೆ ಮುಂದೆ ತಿರುವಿದಳು. ಹೆಂಗಸರ ಹೆಸರುಗಳು ಎಲ್ಲೂ ಇರಲಿಲ್ಲ.

“ಜಾಗ ಸಾಲ್ಲಿಲ್ಲ ಈಯಾ,” ಎಂದು ದೋತುನ್ ಪಿಸುಗುಟ್ಟಿದ. “ಮುಂದಿನ ಸಲ ಅಚ್ಚು ಹಾಕಿಸುವಾಗ ಸೇರಿಸೋಣ. ಹೇಗೂ ಅವ್ರಿಗೆ ಓದೋಕೆ ಬರಲ್ವಲ್ಲ.”

ಈ ಮಾತಿಗೆ ಅವನ ಕೆನ್ನೆಗೆ ಬಿಗಿಯಬೇಕಿತ್ತು. ಅವಳು ಬಿಗಿಯಲಿಲ್ಲ. ವೇದಿಕೆ ಹತ್ತಿ, ಹೆಂಗಸರು ಚೀಫರ ಮುಂದೆ ಮಾಡಬೇಕಾದಂತೆ ಎರಡೂ ಮಂಡಿಯೂರಿ ಕೂತು, ಮೈಕು ಎಳೆದುಕೊಂಡಳು.

“ಚೀಫ್, ನಿಮ್ಮನ್ನ ಕರೆಸಿದ್ದು ನಾನೇ, ಅಚ್ಚಾಗೋ ಮುಂಚೆ ನೋಡ್ದೇ ಇದ್ದಿದ್ದೂ ನಾನೇ, ಬೈಯ್ರಿ. ಆದ್ರೆ ಈ ಪುಸ್ತಕ ಮಾಡಿಸಿದೋರು ಅಲ್ಲಿ ಬಿಸಿಲಲ್ಲಿ ಬೇಯ್ತಾ ಇದಾರೆ. ಅವರ ಜಾಗದಲ್ಲಿ ನೀವು ಕೂತಿದೀರ. ನಮ್ಮಮ್ಮನ ಹೆಸರು ಬಿಟ್ರು ಅಂತ ನಾನು ಬರೆಯೋಕೆ ಕೂತಿದ್ದು. ಈಗ ಇವರ ಹೆಸರು ನಾನೇ ನುಂಗಿದ ಹಾಗಾಯ್ತಲ್ಲ! ಇದನ್ನ ನಾನು ಮಾರಲ್ಲ.”

ಹೇಳಿದವಳೇ ಕೈಯಲ್ಲಿದ್ದ ಪುಸ್ತಕದಿಂದ ಫೋಟೋದ ಪುಟವನ್ನು ಪರ್ರನೆ ಹರಿದಳು. ಡೋಲು ನಿಂತುಹೋಯಿತು.

“ಐನೂರು ಪ್ರತಿ ಕೊಳ್ತೀನಿ ಅಂದೋನಿಗೆ ಇದೇನಾ ಮರ್ಯಾದೆ?” ಎಂದು ಚೀಫರು ಎದ್ದು ಕಾರು ಹತ್ತಿದರು. ಕೋಳಿ ತಿಂದು ಮುಗಿಸಿದ್ದ ಮಿಕ್ಕ ಗಣ್ಯರೂ ಹಿಂದೆಯೇ ಹೊರಟರು.

“ನಿಮ್ಮ ಪುಸ್ತಕನ ನೀವೇ ಕೊಂದ್ರಿ,” ಎಂದ ದೋತುನ್.

“ಎದ್ದು ಹೋಗೋ ಆಚೆಗೆ!” ಎಂದು ಹಿಂದಿನ ಸಾಲು ಒಟ್ಟಿಗೇ ಗದರಿತು.

ಮತ್ತೆ ಅಚ್ಚು ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ. ಆದರೆ ಕೈಯಲ್ಲಿ ಕಸುಬಿತ್ತಲ್ಲ. ತಗಡಿನಲ್ಲಿ ಹೆಸರುಗಳನ್ನು ಕೊರೆದರು. ಬಟ್ಟೆಯ ಮೇಲೆ ತಗಡಿಟ್ಟು ಮರಗೆಣಸಿನ ಗಂಜಿ ಬಳಿದರು, ಒಣಗಿಸಿ ನೀಲಿಯಲ್ಲಿ ಅದ್ದಿದರು. ಗಂಜಿ ಕೆರೆದು ತೆಗೆದಾಗ ಕಡುನೀಲಿಯ ನಡುವೆ ಬೆಳ್ಳಗೆ ಹೆಸರುಗಳು ಎದ್ದು ಬಂದವು. ಪ್ರತಿ ಪುಸ್ತಕಕ್ಕೂ ಆ ಬಟ್ಟೆಯದೇ ಹೊದಿಕೆ. ಬಟ್ಟೆ ಕೊಳ್ಳಲು ಬಂದವರು ಅದನ್ನು ಮುಟ್ಟಿ ನೋಡುತ್ತಾರೆ, ಇವರೆಲ್ಲ ಯಾರು ಎಂದು ಕೇಳುತ್ತಾರೆ. ಕೆಲವರು ಕೊಳ್ಳುತ್ತಾರೆ. ಐನೂರು ಇನ್ನೂ ದೂರವಿದೆ.

ಎಲ್ಲ ಪ್ರತಿಗಳಿಂದಲೂ ಹರಿದು ತೆಗೆದ ಚೀಫರ ಪುಟಗಳು ಈಗ ಮುದುಕಿಯ ಬಾಣಲೆಯ ಪಕ್ಕದಲ್ಲಿವೆ. ಮೊನ್ನೆ ಲಾರಿ ಡ್ರೈವರೊಬ್ಬ ಬಂದು, “ಈಯಾ ತುಂಜಿ, ನಾಲ್ಕು ಅಕಾರಾ,” ಎಂದ. ಮುದುಕಿ ತಲೆ ಎತ್ತಲಿಲ್ಲ. ಅವನು ಮತ್ತೆ ಕೂಗಿದ. ಅವಳು ಪುಸ್ತಕವನ್ನು ಅವನ ಮುಖಕ್ಕೆ ಹಿಡಿದು, ಹೊದಿಕೆಯ ಮೇಲಿನ ಮೊದಲ ಹೆಸರಿಗೆ ಬೆರಳಿಟ್ಟಳು.

“ಓದೋಕೆ ಬರತ್ತೋ ಇಲ್ವೋ ನಿಂಗೆ?”

“ಬರತ್ತೆ... ಅಜೋಕೆ.”

“ಹಾಗೆ ಕೇಳು.”

“ಅಜೋಕಮ್ಮಾ, ನಾಲ್ಕು ಅಕಾರಾ.”

ಅವಳು ಬಿಸಿಬಿಸಿ ಅಕಾರಾಗಳನ್ನು ಚೀಫರ ಮುಖದ ಮೇಲೆ ಸುರಿದು, ಮಡಿಸಿ, ಅವನ ಕೈಗಿತ್ತಳು.