ವಿಲಾಯಿತಿಯಲ್ಲಿ ಮಗ್ಗಿ ಕೂಗಿಸಿದ ಮೇಷ್ಟ್ರು

ಅಜ್ಜಂಪುರದವರು ಶಾಲೆಯ ಯೋಗ್ಯತೆಯನ್ನು ಕಿವಿಯಿಂದ ಅಳೆಯುತ್ತಿದ್ದರು. ಪೇಟೆ ಬೀದಿಯಲ್ಲಿ ಕೂತವರಿಗೆ ಮಕ್ಕಳು ಮಗ್ಗಿ ಕೂಗುವುದು ಕೇಳಿಸಿದರೆ ಪಾಠ ನಡೆಯುತ್ತಿದೆ ಎಂದು ಅರ್ಥ. ಕೇಳಿಸದಿದ್ದರೆ ಮೇಷ್ಟ್ರು ಮಲಗಿದ್ದಾರೆ, ಇಲ್ಲವೇ ಸತ್ತಿದ್ದಾರೆ. ಈ ಲೆಕ್ಕದಲ್ಲಿ ಓಂಕಾರಮೂರ್ತಿಯಂಥ ಮೇಷ್ಟ್ರು ಇಡೀ ಕಡೂರು ಜಿಲ್ಲೆಯಲ್ಲೇ ಇರಲಿಲ್ಲ. ಅವನ ಹುಡುಗರು ತೂಗಾಡುತ್ತಾ ಒಕ್ಕೊರಲಲ್ಲಿ ಕೂಗಿದರೆ ಸೂರಿನ ಪಾರಿವಾಳಗಳು ಎದ್ದು ಹಾರಿಹೋಗುತ್ತಿದ್ದವು.

ಹೆಚ್ಚಿನ ತರಬೇತಿಗೆಂದು ಮೈಸೂರು ಸರ್ಕಾರ ಅವನನ್ನು ಇಂಗ್ಲೆಂಡಿಗೆ ಕಳಿಸುವುದೆಂದಾಗ ಊರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವನು ಬಿ.ಎ. ಪಾಸು ಮಾಡಿದ್ದು ಯಾರಿಗೂ ನೆನಪಿರಲಿಲ್ಲ. ಗಂಟಲು ಮೆಚ್ಚಿ ಕಳಿಸುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು.

ರೈಲು ನಿಲ್ದಾಣದಲ್ಲಿ ಧಾನ್ಯದ ವ್ಯಾಪಾರಿ ದೇವೀರಪ್ಪ ಹಾರ ಹಾಕಿ, "ಲೋ ಮೂರ್ತಿ, ಪಾಠ ಅಂದ್ರೇನು ಅಂತ ಆ ಬಿಳೀ ಜನಕ್ಕೆ ತೋರಿಸ್ಬಿಟ್ಟು ಬಾ. ಫೇಲಾಗಿ ಬಂದ್ಗಿಂದೀಯ, ಊರಿನ ಮಾನ ಹೋಯ್ತದೆ!" ಎಂದ.

ತಾಯಿ ಕಾಶಮ್ಮ ಮಗನ ಕೊರಳಿನ ಲಿಂಗದ ಕರಡಿಗೆ ಮುಟ್ಟಿ ನೋಡಿದಳು. "ಲಿಂಗಪೂಜೆ ಮಾಡ್ದೆ ಒಂದು ತೊಟ್ಟು ನೀರೂ ಕುಡೀಬ್ಯಾಡ ಕಣಪ್ಪಾ. ಹೋದಂಗೇ ತಿರುಗಿ ಬಾ, ಅಷ್ಟು ಸಾಕು."

ಇಂಗ್ಲೆಂಡಿನಲ್ಲಿ ಅವನನ್ನು ಅಭ್ಯಾಸಕ್ಕೆ ಹಾಕಿದ್ದು ಒಂದು ಸಣ್ಣ ಪಟ್ಟಣದ ಶಾಲೆಗೆ. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ. ನಲವತ್ತು ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಉಪಾಧ್ಯಾಯಿನಿ ಕಳ್ಳಬೆಕ್ಕಿನಂತೆ ಸಾಲುಗಳ ನಡುವೆ ಓಡಾಡುತ್ತಿದ್ದಳು. ಯಾರೋ ದೊಡ್ಡವರು ತೀರಿಕೊಂಡಿರಬೇಕು, ಪಾಪ, ಎಂದು ಓಂಕಾರಮೂರ್ತಿಯೂ ಮುಖ ಸಪ್ಪೆ ಮಾಡಿಕೊಂಡು ಕೂತ. ಮಾರನೆಯ ದಿನವೂ, ಎರಡು ವಾರವಾದರೂ ಹಾಗೇ ಇತ್ತು. ಸೂತಕವೆಂದರೂ ಇಷ್ಟು ದಿನವೇ? ಕೊನೆಗೆ ಅವನಿಗೆ ಹೊಳೆಯಿತು: ಪಾಪದ ಜನ, ಇವರಿಗೆ ಪಾಠ ಹೇಳುವುದು ಗೊತ್ತಿಲ್ಲ.

ಪರೀಕ್ಷೆಯ ಪಾಠದ ದಿನ ಕಲಿಸಿಬಿಡೋಣ ಎಂದುಕೊಂಡ. ಅದರಲ್ಲಿ ತಪ್ಪಿದರೆ ವಿದ್ಯಾರ್ಥಿವೇತನ ನಿಂತು ಬರಿಗೈಯಲ್ಲಿ ಹಡಗು ಹತ್ತಬೇಕಿತ್ತು. ಅಂದು ಏಳರ ಮಗ್ಗಿಯನ್ನು ಇಂಗ್ಲಿಷಿನಲ್ಲೇ, ಆದರೆ ಅಜ್ಜಂಪುರದ ಧಾಟಿಯಲ್ಲಿ ಎತ್ತಿಕೊಂಡ. ಬಿಳೀ ಮಕ್ಕಳಿಗೆ ಹಬ್ಬವೇ ಆಯಿತು. ಜನ್ಮದಲ್ಲಿ ಮೊದಲ ಸಲ ಕೂಗಲು ಅಪ್ಪಣೆ ಸಿಕ್ಕಿತ್ತು. ತೂಗಾಡಿದರು, ಕಿರುಚಿದರು, ಬೆಂಚು ಗುದ್ದಿದರು. ಪಕ್ಕದ ತರಗತಿಯವರು ಶಾಲೆಗೆ ಬೆಂಕಿ ಬಿತ್ತೆಂದು ಸಾಲಾಗಿ ಅಂಗಳಕ್ಕಿಳಿದರು. ಹೆಡ್‌ಮಾಸ್ಟರು ನೀರಿನ ಬಕೆಟ್ಟಿನ ಸಮೇತ ಓಡಿಬಂದರು.

ಓಂಕಾರಮೂರ್ತಿ ಹೆಮ್ಮೆಯಿಂದ ಬಗ್ಗಿ ನಮಸ್ಕರಿಸಿದ.

ಹೆಡ್‌ಮಾಸ್ಟರು ಬಕೆಟ್ಟು ಕೆಳಗಿಟ್ಟು ಕೇಳಿದರು: "ಇವರಲ್ಲಿ ಎಷ್ಟು ಜನಕ್ಕೆ ಈ ಮಗ್ಗಿ ಬರುತ್ತದೆ, ಮಿಸ್ಟರ್ ಮೂರ್ತಿ?"

"ಎಲ್ಲರಿಗೂ, ಸರ್. ನೀವೇ ಕೇಳಿದಿರಲ್ಲ!"

"ನಾನು ಕೇಳಿದ್ದು ಗದ್ದಲ. ಒಬ್ಬೊಬ್ಬರಿಂದಲೂ ಬರೆಸಿ ನೋಡಿ."

ಬರೆಸಿದ. ಅರ್ಧಕ್ಕರ್ಧ ಮಕ್ಕಳು ಬಾಯಿ ಮಾತ್ರ ಆಡಿಸಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಿದವನ ಹಾಳೆಯಂತೂ ವಿಭೂತಿ ಬಳಿದ ಹಣೆಯಷ್ಟು ಬಿಳಿಯಾಗಿತ್ತು. ಹೆಡ್‌ಮಾಸ್ಟರು ಒಳ್ಳೆಯವರು. ಇನ್ನೊಂದು ಅವಕಾಶ ಕೊಟ್ಟರು. ಅಲ್ಲಿಂದಾಚೆ ಓಂಕಾರಮೂರ್ತಿ, ಗಂಟಲು ತಾನಾಗಿ ತೆರೆದುಕೊಳ್ಳುವ ಹೊತ್ತಿಗೆ ಅಂಗಿಯ ಮೇಲಿಂದಲೇ ಕರಡಿಗೆ ಹಿಡಿದುಕೊಂಡು, ಶಿವನೇ ಬಾಯಿ ಕಟ್ಟಪ್ಪಾ ಎಂದು ಬೇಡಿಕೊಳ್ಳುತ್ತಿದ್ದ. ಒಬ್ಬೊಬ್ಬರ ಪಕ್ಕ ಕೂತು, ತಪ್ಪು ಹುಟ್ಟುವ ಜಾಗವನ್ನು ಹುಡುಕುವುದನ್ನು ಕಲಿತ. ಅಂತೂ ಪಾಸಾದ.

ಊರಿಗೆ ಬಂದಾಗ ವಾದ್ಯವೇನು, ಹಾರವೇನು! ಸಮುದ್ರದ ಆಚೆ ಹೋಗಿ ಬಂದವನು ಎಂದು ದೇವೀರಪ್ಪನ ಬಾಯಲ್ಲಿ "ಲೋ ಮೂರ್ತಿ" ಹೋಗಿ "ಮೇಷ್ಟ್ರೇ" ಬಂದಿತು. ಆ ಮರ್ಯಾದೆ ಉಳಿದದ್ದು ಮೂರು ದಿನ. ನಾಲ್ಕನೆಯ ದಿನ ದೇವೀರಪ್ಪ ಶಾಲೆಯ ಬಾಗಿಲಲ್ಲಿ ನಿಂತಿದ್ದ.

"ಏನ್ ಮೇಷ್ಟ್ರೇ, ಸ್ಕೂಲಿಗೆ ರಜವಾ? ನಮ್ಮ ಬಸವರಾಜನ ಕೂಗು ಅಂಗಡೀಗೆ ಕೇಳ್ತಿತ್ತು. ಈಗ ನೊಣ ಹಾರೋದು ಕೇಳ್ತದೆ."

"ಮಕ್ಕಳು ಬರೀತಾ ಇದಾರೆ ದೇವೀರಪ್ಪನೋರೆ. ಬೇಕಾದ್ರೆ ನಿಮ್ಮ ಹುಡುಗನ್ನ ಕೇಳಿ ನೋಡಿ."

"ಲೇ ಬಸವರಾಜ, ಏಳೆಂಟ್ಲ ಎಷ್ಟೋ?"

ಹುಡುಗ ಎದ್ದು ನಿಂತು, ತೂಗಾಡಿ, ಏಳೊಂದ್ಲದಿಂದ ಶುರುಮಾಡಿ ಏಳ್ಮೂರ್ಲದ ಹತ್ತಿರ ನಿಂತ. ಜತೆಗೆ ಕೂಗುವವರಿಲ್ಲದೆ ಮುಂದಿನ ಸಾಲು ಸಿಗಲಿಲ್ಲ. ಈಗಲಾದರೂ ದೇವೀರಪ್ಪನಿಗೆ ತಿಳಿಯುತ್ತದೆ ಎಂದು ಓಂಕಾರಮೂರ್ತಿ ಕಾದ.

"ನೋಡುದ್ರಾ!" ದೇವೀರಪ್ಪ ಗುಡುಗಿದ. "ಮೂರೇ ದಿನಕ್ಕೆ ಮರ್ತ್ಬಿಟ್ಟ! ಕೂಗೋದು ನಿಂತ್ರೆ ಇನ್ನೇನಾಯ್ತದೆ? ಸೋಮವಾರದಿಂದ ಎಲ್ರೂ ಮಕ್ಳನ್ನ ಜಗಲಿ ಮೇಲೆ ಮಗ್ಗಿ ಕೂಗ್ಸೋ ಅಯ್ನೋರ ಕೂಲಿಮಠಕ್ಕೇ ಕಳಿಸ್ತೀವಿ ಕಣ್ರೀ."

ಆ ರಾತ್ರಿ ಊಟ ಬಡಿಸುತ್ತಾ ಕಾಶಮ್ಮ ಮೆಲ್ಲಗೆ ಕೇಳಿದಳು, "ಗಂಟ್ಲು ಅಲ್ಲೇ ಬಿಟ್ಟು ಬಂದ್ಯೇನೋ ಮಗಾ? ಹೋದಂಗೇ ಬಾ ಅಂದಿದ್ನಲ್ಲ."

ಓಂಕಾರಮೂರ್ತಿ ಅನ್ನ ಕಲಸುತ್ತಾ ಲೆಕ್ಕ ಹಾಕಿದ: ಮಕ್ಕಳೇ ಇಲ್ಲದ ಶಾಲೆಯಲ್ಲಿ ಎಂಥ ವಿದ್ಯೆಯಾದರೂ ನಿಶ್ಶಬ್ದವಾಗಿಯೇ ಇರುತ್ತದೆ. ಮಾರನೆಯ ಬೆಳಿಗ್ಗೆ ಕಿಟಕಿಗಳನ್ನೆಲ್ಲ ತೆರೆಸಿ ಮಗ್ಗಿ ಎತ್ತಿಕೊಂಡ. ಪಾರಿವಾಳಗಳು ಹಾರಿದವು. ದೇವೀರಪ್ಪ ಅಂಗಡಿಯ ಗಿರಾಕಿಗಳಿಗೆ, "ಕೇಳ್ರೋ, ಇವತ್ತು ಶುರುವಾಯ್ತು ವಿಲಾಯ್ತಿ ಪಾಠ!" ಎಂದು ಸಾರಿದ. ಸೋಮವಾರ ಒಂದು ಮಗುವೂ ಕೂಲಿಮಠಕ್ಕೆ ಹೋಗಲಿಲ್ಲ.

ಅಲ್ಲಿಂದ ಪಿಂಚಣಿಯಾಗುವ ತನಕ ಅದೇ ಪದ್ಧತಿ. ದಿನವೂ ಪೂಜೆಗೆ ಕೂತ ಕಾಶಮ್ಮನಿಗೆ ಮಗ್ಗಿ ಕೇಳಿಸುತ್ತಿತ್ತು. ಮಗ ನಿಜವಾಗಿ ಊರಿಗೆ ಬಂದ ಎಂದು ಕೈಮುಗಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಕಿಟಕಿ ಮುಚ್ಚಿಕೊಂಡರೆ, ಮಕ್ಕಳಿಗೆ ಈಗ ಬಿಡುವು ಕೊಟ್ಟಿರಬೇಕು ಎಂದುಕೊಳ್ಳುತ್ತಿದ್ದಳು.

ಪಾಠ ಶುರುವಾಗುವುದೇ ಆಗ ಎಂದು ಓಂಕಾರಮೂರ್ತಿ ಊರಿನಲ್ಲಿ ಯಾರಿಗೂ ಹೇಳಲಿಲ್ಲ.