ದವಡೆಗೆ ಬೋಟಾಕ್ಸ್, ಹಾಸಿಗೆಗೆ ಶಿಫ್ಟು

ಇಡ್ಲಿ ತಿಂದು ಹಲ್ಲು ಮುರಿದುಕೊಂಡವರನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ನನ್ನನ್ನೇ ನೋಡಿ.

ಗೊರಗುಂಟೆಪಾಳ್ಯದಲ್ಲಿ ನಮ್ಮ ಆಫೀಸಿನ ಪಕ್ಕ ಒಂದು ದರ್ಶಿನಿ. ಬೆಳಗ್ಗೆ ಅಲ್ಲೇ ನಿಂತು ತಿಂಡಿ ತಿನ್ನುವುದು ನನ್ನ ರೂಢಿ. ಕೆಲವು ತಿಂಗಳ ಹಿಂದಿನ ಆ ಬೆಳಗ್ಗೆಯೂ ಇಡ್ಲಿ ಮೆತ್ತಗೇ ಇತ್ತು (ಅದರ ಮೇಲೆ ನನ್ನದೇನೂ ತಕರಾರಿಲ್ಲ). ಆದರೆ ಬಾಯಲ್ಲಿ ಕಲ್ಲಿನ ಚೂರು ಸಿಕ್ಕ ಹಾಗಾಯಿತು. ಕೌಂಟರಿನವನ ಮೇಲೆ ರೇಗೋಣ ಎಂದು ಅಂಗೈಗೆ ತೆಗೆದು ನೋಡಿದರೆ, ನನ್ನದೇ ದವಡೆ ಹಲ್ಲಿನ ತುಂಡು. ಇನ್ನು ರೇಗುವುದು ಯಾರ ಮೇಲೆ? ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಅಲ್ಲಾಳಸಂದ್ರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಒಂದು ಡೆಂಟಲ್ ಕ್ಲಿನಿಕ್ ಇದೆ. ಡಾಕ್ಟರ್ ನಾಜ್ನೀನ್ ಚಿಕ್ಕ ವಯಸ್ಸಿನವರು, ಚುರುಕು ಮಾತಿನವರು. ಫೋನಿನಲ್ಲಿ ಅಮ್ಮನ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಕೆಟ್ಟುಹೋದ ಎಕ್ಸ್‌ರೇ ಮೆಷಿನ್ ಜೊತೆ ಇಂಗ್ಲಿಷ್. ನನ್ನ ಬಾಯಿ ತೆರೆಸಿ, ಲೈಟು ಬಿಟ್ಟು ನೋಡಿದರು.

"ಸರ್, ನೀವು ನಿದ್ದೇಲಿ ಹಲ್ಲು ಕಡೀತೀರ. ನೋಡಿ, ಎಲ್ಲಾ ಸವೆದು ಚಪ್ಪಟೆ ಆಗಿಬಿಟ್ಟಿದೆ."

"ಇಲ್ಲಮ್ಮಾ, ನಾನು ಬಹಳ ಸಮಾಧಾನದ ಮನುಷ್ಯ" ಎಂದೆ. (ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್‌ನಲ್ಲಿ ನನ್ನನ್ನು ಕಂಡವರು ಈ ಮಾತನ್ನು ಮನ್ನಿಸಬೇಕು.)

"ಮೇಡಂನ ಕೇಳಿ ನೋಡಿ ಸರ್. ಪಕ್ಕದಲ್ಲಿ ಮಲಗೋರಿಗೆ ಗೊತ್ತಿರುತ್ತೆ. ಎಷ್ಟೋ ಜನಾನ ಮನೆಯವರೇ ಕರ್ಕೊಂಡ್ ಬರ್ತಾರೆ, ಆ ಸದ್ದು ತಡ್ಕೊಳ್ಳೋಕಾಗಲ್ಲ ಅಂತ."

ಕುರ್ಚಿಯಿಂದಿಳಿದು ಮೊಬೈಲ್ ಕೈಗೆತ್ತಿಕೊಂಡೆ.

ಕೇಳುವುದೇನೋ ಸುಲಭ. ಆದರೆ ನನ್ನ ಪಕ್ಕದಲ್ಲಿ ಯಾರೂ ಮಲಗುವುದಿಲ್ಲವಲ್ಲ? ಹಾಗೆಂದು ಏನೇನೋ ಊಹಿಸಿಕೊಳ್ಳಬೇಡಿ. ನನಗೆ ಹೆಂಡತಿಯಿದ್ದಾಳೆ, ಸುನಂದಾ. ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕೌಂಟರಿನ ಕೆಲಸ, ವರ್ಷಗಳಿಂದ ನೈಟ್ ಶಿಫ್ಟು. ಸಂಜೆ ನಾನು ಬಂದು ಶೂ ಬಿಚ್ಚುವಾಗ ಅವಳು ಶೂ ಹಾಕಿಕೊಳ್ಳುತ್ತಿರುತ್ತಾಳೆ. ಬೆಳಗ್ಗೆ ಅವಳ ಕ್ಯಾಬು ಗೇಟಿನ ಹತ್ತಿರ ಬರುವ ಹೊತ್ತಿಗೆ ನನ್ನ ಬೈಕು ಹೊರಟಿರುತ್ತದೆ. ನಾನು ಎದ್ದ ಜಾಗದಲ್ಲಿ ಅವಳು ಮಲಗುತ್ತಾಳೆ. ಮನೆಯಲ್ಲಿ ರಜೆಯೇ ಇಲ್ಲದೆ ದುಡಿಯುವುದು ಆ ಹಾಸಿಗೆ ಒಂದೇ.

ವಾರದ ರಜೆಯಲ್ಲಾದರೂ ಜೊತೆಗಿರುವುದಿಲ್ಲವೇ ಎನ್ನುತ್ತೀರಿ. ಅವಳ ರಜೆ ವಾರ ವಾರಕ್ಕೂ ಬದಲಾಗುತ್ತದೆ. ರಜೆಯಿದ್ದ ರಾತ್ರಿಯೂ ಅವಳಿಗೆ ನಿದ್ದೆ ಬರುವುದಿಲ್ಲ. ದೇಹಕ್ಕೆ ಅಭ್ಯಾಸವಾಗಿಬಿಟ್ಟಿದೆ. ನನಗೆ ತೊಂದರೆಯಾಗಬಾರದೆಂದು ಬೆಡ್‌ರೂಮಿನ ಬಾಗಿಲೆಳೆದು, ಹೊರಗೆ ಸೋಫಾದ ಮೇಲೆ ಇಯರ್‌ಫೋನ್ ಹಾಕಿಕೊಂಡು ಮೊಬೈಲ್ ನೋಡುತ್ತಾ ಕೂರುತ್ತಾಳೆ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ. ನಮ್ಮಿಬ್ಬರ ನಡುವೆ ಜಗಳವೂ ಇಲ್ಲ. ಜಗಳವಾಡಲು ಇಬ್ಬರೂ ಒಟ್ಟಿಗೆ ಎಚ್ಚರವಾಗಿರಬೇಕಲ್ಲ?

ಆದರೂ ಕ್ಲಿನಿಕ್ಕಿನಿಂದಲೇ ವಾಟ್ಸಾಪ್ ಮಾಡಿದೆ: "ನಾನು ನಿದ್ದೇಲಿ ಹಲ್ಲು ಕಡೀತೀನಾ?"

ಸಂಜೆ ಉತ್ತರ ಬಂತು: "ನಂಗ್ಹೇಗ್ ಗೊತ್ತಾಗುತ್ತೆ ರೀ? ಹಾಲು ಫ್ರಿಜ್ಜಲ್ಲಿದೆ, ಕಾಯಿಸ್ಕೊಳ್ಳಿ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಹಾಲೂ ಫ್ರಿಜ್ಜಿನಲ್ಲೇ ಇತ್ತು. ಆದರೂ ಅದನ್ನು ಕಾಯಿಸುತ್ತಾ ನಿಂತಾಗ ತುಂಬಾ ಒಂಟಿ ಅನ್ನಿಸಿತು. ಮದುವೆಯಾಗಿ, ಮಗಳನ್ನು ಕಾಲೇಜಿಗೆ ಸೇರಿಸಿದ ಮನುಷ್ಯ, ತಾನು ಹೇಗೆ ಮಲಗುತ್ತೇನೆಂಬುದನ್ನು ಹಲ್ಲಿನ ಡಾಕ್ಟರಿಂದ ತಿಳಿದುಕೊಳ್ಳಬೇಕೆ?

ಡಾಕ್ಟರು ಮೊದಲು ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಗಾರ್ಡ್ ಮಾಡಿಸಿಕೊಟ್ಟರು. ಕೆಲವು ತಿಂಗಳಲ್ಲಿ ಅದನ್ನೂ ಕಡಿದು ತೂತು ಮಾಡಿದೆ. ಹಗಲೆಲ್ಲಾ ಬಾಸ್ ಮುಂದೆ, ಸಿಗ್ನಲ್ ಮುಂದೆ, ಕಸ್ಟಮರ್ ಕೇರ್‌ನವರ ಮುಂದೆ ಹಲ್ಲು ಬಿಗಿಹಿಡಿದು ಬದುಕುವ ಜನ ನಾವು. ಕತ್ತಲಾಯಿತು, ಇನ್ನು ಬಿಡು ಎಂದರೆ ದವಡೆ ಕೇಳುತ್ತದೆಯೇ? ಗಾರ್ಡ್ ನೋಡಿ ನಾಜ್ನೀನ್ ತಲೆಯಾಡಿಸಿದರು.

"ಬೋಟಾಕ್ಸ್ ಹಾಕೋಣ ಸರ್."

"ಸಿನಿಮಾದವರು ಮುಖಕ್ಕೆ ಹಾಕಿಸ್ಕೋತಾರಲ್ಲ, ಅದಾ?"

"ಅದೇ ಮದ್ದು. ಅವರಿಗೆ ಹಣೆ ಸುಕ್ಕಿಗೆ, ನಿಮಗೆ ದವಡೆಗೆ. ಕಡಿಯೋ ಮಸಲ್ ಸ್ವಲ್ಪ ಸಡಿಲ ಆಗುತ್ತೆ ಅಷ್ಟೇ. ಮೂರ್ನಾಲ್ಕು ತಿಂಗಳು ಇರುತ್ತೆ, ಬೇಕಾದ್ರೆ ಮತ್ತೆ ಹಾಕ್ಬೋದು."

"ಮುಖ ಬೇರೆ ಥರ ಆಗಿಬಿಡುತ್ತಾ?"

"ದವಡೆ ಸ್ವಲ್ಪ ತೆಳ್ಳಗೆ ಕಾಣ್ಬೋದು. ಮನೇಲಿ ಮೊದಲು ಗುರ್ತಿಸ್ತಾರೆ ಬಿಡಿ." (ಈ ಹುಡುಗಿಗೆ ನಮ್ಮ ಮನೆಯ ಮೇಲೆ ಎಷ್ಟೊಂದು ನಂಬಿಕೆ.)

ಕಳೆದ ವಾರ ಒಂದು ದಿನ ರಜೆ ಹಾಕಿ, ಬೆಳಗ್ಗೆಯೇ ಹೋಗಿ ಕುರ್ಚಿಯಲ್ಲಿ ಒರಗಿದೆ. ಡಾಕ್ಟರು "ಜೋರಾಗಿ ಕಚ್ಚಿ ಸರ್" ಎಂದು ನನ್ನ ಬೆರಳನ್ನೇ ಹಿಡಿದು ನನ್ನ ಕೆನ್ನೆಯ ಹಿಂಭಾಗಕ್ಕೆ ಇಟ್ಟರು. ಚರ್ಮದಡಿ ಗೋಲಿಯಂಥ ಗಂಟು ಎದ್ದಿತ್ತು. ಅದರ ಮೇಲೆ ಪೆನ್ನಿನಲ್ಲಿ ಚುಕ್ಕಿ ಇಟ್ಟು, ಎರಡೂ ಕಡೆ ಸಣ್ಣ ಸೂಜಿಯಿಂದ ಚುಚ್ಚಿದರು. ಇರುವೆ ಕಡಿದಷ್ಟು ನೋವು. ಧೈರ್ಯವಂತನಂತೆ ಕಾಣಿಸಿಕೊಳ್ಳಲು ಸಾಕಾಗುವಷ್ಟೂ ಇರಲಿಲ್ಲ.

"ಉಜ್ಜಬೇಡಿ. ನಾಲ್ಕು ಗಂಟೆ ಮಲಗಬೇಡಿ. ಪೂರ್ತಿ ಎಫೆಕ್ಟ್ ಬರೋಕೆ ಒಂದೆರಡು ವಾರ ಬೇಕು. ಆಮೇಲೆ ಸದ್ದು ನಿಂತಿದೆಯಾ ಅಂತ ಮೇಡಂನ ಕೇಳಿ ಬಂದು ಹೇಳಿ, ಆಯ್ತಾ?"

ಆಯಿತು ಎಂದೆ. ಇನ್ನೇನು ಹೇಳಲಿ? ಮದ್ದು ನಾಟಿತೋ ಇಲ್ಲವೋ ಎನ್ನುವುದಕ್ಕೆ ಸಾಕ್ಷಿ ಹೇಳುವವರು ನನ್ನ ಬಳಿ ಇಲ್ಲ ಎನ್ನಲು ನಾಚಿಕೆಯಾಯಿತು.

ಮನೆಗೆ ಬಂದು ಸದ್ದಾಗದಂತೆ ಬಾಗಿಲು ತೆಗೆದೆ. ಸುನಂದಾ ಮಲಗಿದ್ದಳು. ಡಾಕ್ಟರು ಮಲಗಬಾರದು ಎಂದಿದ್ದರಿಂದ ನಾನು ಸೋಫಾದ ಮೇಲೆ ನೆಟ್ಟಗೆ ಕೂತೆ. ಕೆಲಸದ ದಿನದ ಬೆಳಗಿನಲ್ಲಿ ನನ್ನ ಮನೆ ಹೀಗಿರುತ್ತದೆಂದೇ ನನಗೆ ತಿಳಿದಿರಲಿಲ್ಲ. ಅಡುಗೆಮನೆ ಕಿಟಕಿಯಿಂದ ಬಿಸಿಲು ಟೀವಿ ಸ್ಟ್ಯಾಂಡಿನವರೆಗೂ ಬರುತ್ತದೆ. ಕೆಳಗೆ ಸೊಪ್ಪಿನವಳು ಎಲ್ಲರ ಹೆಸರು ಹಿಡಿದು ಕೂಗುತ್ತಾಳೆ. ಇದೆಲ್ಲ ಸುನಂದಾಳ ಪಾಲಿನ ಮನೆ. ನಾನು ಅಲ್ಲಿ ನೆಂಟನ ಹಾಗೆ ಕೈಕಟ್ಟಿ ಕೂತಿದ್ದೆ.

ಆಗ ಸದ್ದು ಕೇಳಿಸಿತು. ಕರ್... ಕರ್... ನಿಂತು, ಮತ್ತೆ ಕರ್. ಇಲಿ ಇರಬಹುದೆಂದು ಅಡುಗೆಮನೆಗೆ ಹೋದೆ. ಅಲ್ಲಿರಲಿಲ್ಲ. ಮೇಲಿನ ಮನೆಯವರು ಏನಾದರೂ ಎಳೆಯುತ್ತಿರಬಹುದೇ? ಅದೂ ಅಲ್ಲ. ಸದ್ದು ಬರುತ್ತಿದ್ದುದು ನಮ್ಮ ಬೆಡ್‌ರೂಮಿನಿಂದ.

ಪರದೆ ಎಳೆದಿತ್ತು. ಬಾಗಿಲ ಹಿಂದೆ ಅವಳ ಯೂನಿಫಾರಂ ತೂಗುತ್ತಿತ್ತು. ಸುನಂದಾ ಮಗ್ಗುಲಾಗಿ ಮಲಗಿದ್ದಳು, ಕಣ್ಣ ಸುತ್ತಲಿನ ಮೇಕಪ್ ಪೂರ್ತಿ ಹೋಗಿರಲಿಲ್ಲ. ಅವಳ ದವಡೆ ಅಲ್ಲಾಡುತ್ತಿತ್ತು. ಬ್ಯಾಗ್ ತೂಕ ಜಾಸ್ತಿಯಾಯಿತೆಂದರೆ ಕಿರುಚುವವರಿಗೆಲ್ಲ ರಾತ್ರಿಯಿಡೀ ನಕ್ಕು ಬೋರ್ಡಿಂಗ್ ಪಾಸ್ ಕೊಟ್ಟು ಬಂದವಳು, ಈಗ ಒಬ್ಬಳೇ ಹಲ್ಲು ಕಡಿಯುತ್ತಿದ್ದಳು. ನೋಡಿ ಸಂಕಟವಾಯಿತು.

ಹಾಸಿಗೆಯ ಅಂಚಿನಲ್ಲಿ ಕೂತು, ಡಾಕ್ಟರು ತೋರಿಸಿಕೊಟ್ಟ ಜಾಗದಲ್ಲೇ ಅವಳ ಕೆನ್ನೆಯ ಮೇಲೆ ಬೆರಳಿಟ್ಟೆ. ಅಲ್ಲೂ ಅದೇ ಗಂಟು. ಸ್ವಲ್ಪ ಹೊತ್ತಿಗೆ ಅದು ಬೆರಳಡಿಯಲ್ಲಿ ಸಡಿಲವಾಯಿತು. ಅವಳು ಕಣ್ಣು ಬಿಟ್ಟಳು.

"ಏನ್ರೀ, ಆಫೀಸಿಗೆ ಹೋಗ್ಲಿಲ್ವಾ?"

"ರಜಾ ಹಾಕಿದ್ನಲ್ಲ, ಇಂಜೆಕ್ಷನ್‌ಗೆ. ಮೆಸೇಜ್ ಮಾಡಿದ್ದೆ."

"ಅಯ್ಯೋ, ನೋಡ್ಲೇ ಇಲ್ಲ. ನೋವಾಯ್ತಾ?"

"ಇಲ್ಲ" ಎಂದೆ. ಆಮೇಲೆ ಹೇಳಿದೆ, "ಸುನಂದಾ, ನೀನೂ ನಿದ್ದೇಲಿ ಹಲ್ಲು ಕಡೀತೀಯ ಕಣೆ."

"ಯಾರ್ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಈಗ ನಾನೇ ಕೇಳಿಸ್ಕೊಂಡೆ."

ಅವಳು ತನ್ನ ಕೆನ್ನೆಯನ್ನು ತಾನೇ ಮುಟ್ಟಿ ನೋಡಿಕೊಂಡಳು. "ಅದಕ್ಕೇನಾ ಎದ್ದಾಗೆಲ್ಲ ತಲೆ ಸಿಡಿಯೋದು?" ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು, "ಯಾವಾಗಿಂದ ರೀ?"

ಈ ಭೂಮಿಯ ಮೇಲೆ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಾದ ಒಬ್ಬನೇ ಮನುಷ್ಯ ನಾನಲ್ಲವೇ?